ಮೆಣಸಿನಕಾಯಿ ಚೀಲಗಳ ನಡುವೆ ಒಂದು ಪುಟ್ಟ ಶೀಷೆ

೧೯೯೮ರ ಬೇಸಿಗೆ. ರಾಣೆಬೆನ್ನೂರಿನಲ್ಲಿ ಮಗಳ ಬಾಣಂತನ ಮುಗಿಸಿಕೊಂಡು ಬ್ಯಾಡಗಿಗೆ ಹೊರಟಿದ್ದೆ. ನಾನು ಕಲಿತದ್ದು ಎರಡನೇ ಇಯತ್ತೆ. ಈ ಕಥೆ ಹೇಳಿದ್ದು ನಾನು, ಬರೆದು ತಿದ್ದಿದ್ದು ಮೊಮ್ಮಗಳು. ತಪ್ಪಿದ್ದರೆ ಅವಳದು.

ಮೋಟೆಬೆನ್ನೂರಿನ ಹತ್ತಿರ ಬಸ್ಸು ನಿಂತಿತು. ಕರೆಂಟು ಸರಿಯಾಗಿ ಕೊಡುತ್ತಿಲ್ಲವೆಂದು ರೈತರು ರಸ್ತೆ ತಡೆದಿದ್ದರು. ಸಂಜೆಯ ತನಕ ಬಿಡುವುದಿಲ್ಲ ಎಂದ ಕಂಡಕ್ಟರ್. ನನ್ನ ಪಕ್ಕದ ಹುಡುಗಿ ಮಡಿಲಲ್ಲಿದ್ದ ಫ್ಲಾಸ್ಕಿನ ಮುಚ್ಚಳ ತೆಗೆಯುತ್ತಾಳೆ, ನೋಡುತ್ತಾಳೆ, ಮುಚ್ಚುತ್ತಾಳೆ. ಕಣ್ಣಲ್ಲಿ ನೀರು.

"ಏನಾತ ತಂಗಿ, ಚಾ ಆರಿ ಹೋತೇನು?" ಎಂದೆ.

"ಆರಿದ್ರ ಚಲೋ ಇತ್ತರಿ ಅವ್ವಾರ. ಬಿಸಿ ಆಗಾಕತ್ತೇತಿ."

ಹೆಸರು ಸುಮಾ. ಧಾರವಾಡದಲ್ಲಿ ಪಿಎಚ್.ಡಿ. ಮಾಡುತ್ತಿದ್ದಳು. ಫ್ಲಾಸ್ಕಿನಲ್ಲಿದ್ದ ಐಸು ಕರಗಿ ನೀರಾಗುತ್ತಿತ್ತು. ಅದರೊಳಗೆ ಕಿರುಬೆರಳಿಗಿಂತ ಸಣ್ಣ ಶೀಷೆ, ತಳದಲ್ಲಿ ಒಂದು ಹನಿಯಷ್ಟು ನೀರಿನಂಥದ್ದು. ಮೊಲದ ರಕ್ತದಿಂದ ತೆಗೆದದ್ದಂತೆ, ಆಂಟಿಬಾಡಿ ಎನ್ನುತ್ತಾರಂತೆ, ತಲೆಯೊಳಗಿನ ಮಿದುಳನ್ನು ನೋಡುವ ಅವಳ ಓದಿಗೆ ಬೇಕಂತೆ. ಹೊರದೇಶದಿಂದ ಬರಲೆಂದು ತಿಂಗಳುಗಟ್ಟಲೆ ಕಾದು, ಈಗ ತಾನೇ ಹೋಗಿ ತರುತ್ತಿದ್ದಳು. ಬಿಸಿಯಾದರೂ ಕೆಡುತ್ತದೆ, ತೀರಾ ತಂಪಾಗಿ ಗಡ್ಡೆ ಕಟ್ಟಿದರೂ ಕೆಡುತ್ತದೆ. ಕೆಟ್ಟರೆ ಇನ್ನೊಂದು ತರಿಸುವವರಿಲ್ಲ, ಓದು ಅಲ್ಲಿಗೇ ನಿಂತಂತೆ. ಮನೆಯವರು ಮದುವೆ ಮಾಡಲು ತುದಿಗಾಲಲ್ಲಿದ್ದರು. ಹಾದಿಯಲ್ಲಿದ್ದ ಐಸ್‌ಕ್ಯಾಂಡಿ ಡಬ್ಬಿಗಳನ್ನು ನಿಂತ ಬಸ್ಸುಗಳ ಜನ ಆಗಲೇ ಖಾಲಿ ಮಾಡಿದ್ದರು.

ನಾನು ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೂಲಿಗೆ ಹೋಗುತ್ತಿದ್ದೆ. ಪಕ್ಕದಲ್ಲೇ ಹೊಸ ಕೋಲ್ಡ್ ಸ್ಟೋರೇಜ್. ಕಾಯಿಯ ಬಣ್ಣ ಮಾಸದಿರಲೆಂದು ಚೀಲಗಳನ್ನು ಅದರಲ್ಲಿಡುತ್ತಾರೆ. ಊರಿಗೆಲ್ಲ ಕರೆಂಟು ಹೋದರೂ ಅಲ್ಲಿ ಜನರೇಟರ್ ಓಡುತ್ತದೆ. "ಏಳು," ಎಂದೆ.

ರಸ್ತೆ ತಡೆದಿದ್ದ ಜಾಗ ದಾಟಿ ಸ್ವಲ್ಪ ನಡೆದು, ಬ್ಯಾಡಗಿ ಕಡೆ ಹೊರಟಿದ್ದ ಒಂದು ಟ್ರ್ಯಾಕ್ಟರ್ ಹತ್ತಿದೆವು. ಬಿಸಿಲು ನೆಲದ ಮೇಲೆ ನೀರಿನಂತೆ ಅಲ್ಲಾಡುತ್ತಿತ್ತು. ಗಿಡ, ದನ, ಮನುಷ್ಯರು ಎಲ್ಲ ಆ ನೀರಿನಲ್ಲಿ ತೇಲುತ್ತಿದ್ದರು. ಹುಡುಗಿ ಫ್ಲಾಸ್ಕನ್ನು ಎದೆಗವಚಿಕೊಂಡು ಕುಳಿತಿದ್ದಳು. ಎಚ್ಚರದಲ್ಲಿದ್ದೆನೋ ನಿದ್ದೆಯಲ್ಲಿದ್ದೆನೋ ನನಗೇ ತಿಳಿಯಲಿಲ್ಲ.

ಕೋಲ್ಡ್ ಸ್ಟೋರೇಜಿನ ಕೀಲಿ ದಾದಾಪೀರನ ಬಳಿ ಇರುತ್ತಿತ್ತು. ನಮ್ಮ ಓಣಿಯವನೇ.

"ಆಗಂಗಿಲ್ಲಕ್ಕಾ. ಕಾಯಿ ಬಿಟ್ಟು ಒಳಗ ಏನೂ ಇಡಂಗಿಲ್ಲ. ಹ್ವಾದ ವರ್ಷ ಯಾರೋ ಮಾವಿನಹಣ್ಣು ಇಟ್ಟಿದ್ರು. ತಿಂದವರೆಲ್ಲ ಖಾರ ಅಂತ ನೀರು ಕುಡದ್ರು."

"ಇದು ತಿನ್ನೂದಲ್ಲೋ, ತಲೀ ಓದಿಂದು," ಎಂದೆ.

ತಲೆ ಅಂದಕೂಡಲೇ ಅವನು ಸುಮಾಳ ಕಡೆ ತಿರುಗಿದ. "ತಲೀಗೆ ಏನ ಮಾಡತೈತಿ ಇದು?"

"ತಲಿಯೊಳಗ 'ಸಾಕು, ಸುಮ್ಮನಿರು' ಅನ್ನೋ ಮಾತು ಕೇಳಸ್ಕೊಳ್ಳೋ ಸಣ್ಣ ಸಣ್ಣ ಬಾಗಲಾ ಇರ್ತಾವರಿ ಅಣ್ಣಾರ. ಇದು ಹೋಗಿ ಆ ಬಾಗಲಕ್ಕ ಅಂಟತೈತಿ. ಆಗ ಅವು ಎಲ್ಲೆಲ್ಲಿ ಅದಾವು ಅಂತ ನಮಗ ಕಾಣತೈತಿ."

"ಆ ಮಾತು ಕೇಳಲಿಲ್ಲಂದ್ರ?"

"ಒಮ್ಮೊಮ್ಮೆ ಫಿಟ್ಸ್ ಬರ್ತಾವರಿ."

ದಾದಾಪೀರ ಅಲ್ಲೇ ಕುಕ್ಕರಿಸಿದ. ಅವನ ಸಣ್ಣ ಮಗಳಿಗೆ ಫಿಟ್ಸ್ ಇತ್ತು. ಬಂದಾಗ ಕೈಗೆ ಕೀಲಿ ಗೊಂಚಲು ಹಿಡಿಸುತ್ತಿದ್ದರು, ಮೂಗಿಗೆ ಉಳ್ಳಾಗಡ್ಡಿ ಹಿಡಿಯುತ್ತಿದ್ದರು. ಕೊರಳಲ್ಲಿ ತಾಯತಗಳು. "ಹಂಗಾದ್ರ ಇದರಾಗ ಒಂದೀಟು ನನ್ನ ಮಗಳಿಗೆ ಕೊಡ್ರೆವ್ವಾ. ಆರಾಮ ಆಕ್ಕಾಳೇನು?"

ನಾನು ಸುಮಾಳ ಕಾಲು ತುಳಿದೆ. ಹೂಂ ಅನ್ನು, ಆಮೇಲೆ ನೋಡಿಕೊಂಡರಾಯಿತು ಎಂದು. ಕೀಲಿ ಅವನ ಕೈಯಲ್ಲಿದೆ, ಐಸು ಕರಗುತ್ತಿದೆ. ಅವಳು ಕಾಲು ಎಳೆದುಕೊಂಡಳು.

"ಇಲ್ಲರಿ ಅಣ್ಣಾರ. ಇದು ಔಷಧ ಅಲ್ಲ. ಇಲಿ ಮಿದುಳಿನ ಚೂರಿನ ಮ್ಯಾಲೆ ಹಾಕಿ ನೋಡೂದು, ಅಷ್ಟ. ನಿಮ್ಮ ಮಗಳಿಗೆ ಇದರಿಂದ ಏನೂ ಆಗಂಗಿಲ್ಲ." ಮತ್ತೆ ಹೇಳಿದಳು: "ಫಿಟ್ಸಿಗೆ ಬ್ಯಾರೆ ಗುಳಿಗಿ ಅದಾವು. ಹುಬ್ಬಳ್ಳಿ ದೊಡ್ಡ ದವಾಖಾನಿಗೆ ಕರಕೊಂಡು ಹೋಗ್ರಿ. ದಿನಾ ತಪ್ಪದ ತಗೋಬೇಕು."

ಕೆಲಸ ಕೆಟ್ಟಿತು ಅಂದುಕೊಂಡೆ. ದಾದಾಪೀರ ಕೀಲಿ ಹಿಡಿದು ಎದ್ದ.

"ತಾಯತ ಕಟ್ಟಿದವರೆಲ್ಲ ಆರಾಮ ಆಕ್ಕಾಳ ಅಂತನ ಅಂದ್ರು," ಎಂದ. "ಇಲ್ಲ ಅಂದಾಕಿ ನೀ ಒಬ್ಬಾಕಿನ. ಬಾ ಯವ್ವಾ."

ದಪ್ಪ ಬಾಗಿಲು ತೆರೆದು ನಮ್ಮ ಹಿಂದೆ ಮುಚ್ಚಿಕೊಂಡಿತು. ಬಿಸಿಲು, ಗದ್ದಲ ಎಲ್ಲ ಹೊರಗೇ ಉಳಿದವು. ಒಂದೇ ಬಲ್ಬು. ಮಾಡಿನವರೆಗೆ ಚೀಲಗಳು, ಅವುಗಳ ಸಂದಿಯಲ್ಲಿ ಕೆಂಪು. ನಮ್ಮ ಉಸಿರು ಹೊಗೆಯಾಗಿ ಹೋಗುತ್ತಿತ್ತು. ದಾದಾಪೀರ ಎಲ್ಲಕ್ಕಿಂತ ತಂಪಿರುವ ಜಾಗವೆಂದು ಫ್ಯಾನಿನ ಬಾಯಿಗೇ ಇಡಲು ಹೋದ. "ಅಲ್ಲಿ ಬ್ಯಾಡ್ರಿ, ಗಡ್ಡಿ ಆಗತೈತಿ," ಎಂದು ಸುಮಾ ಅವನ ಕೈ ಹಿಡಿದಳು. ಶೀಷೆಯನ್ನು ಪ್ಲಾಸ್ಟಿಕ್‌ನಲ್ಲಿ ಸುತ್ತಿ ಎರಡು ಚೀಲಗಳ ನಡುವೆ ಇಟ್ಟೆವು. ಗಾಢ ನಿದ್ದೆಯಲ್ಲಿರುವ ಯಾರದೋ ತಲೆಯೊಳಗೆ ನಿಂತಂತೆ ಇತ್ತು. ಅಂಥ ನೆಮ್ಮದಿ ನನಗೆ ಗುಡಿಯಲ್ಲೂ ಸಿಕ್ಕಿಲ್ಲ.

ಸಂಜೆ ರಸ್ತೆ ಬಿಟ್ಟರು. ದಾದಾಪೀರ ಫ್ಯಾನಿನ ಹತ್ತಿರ ಕಟ್ಟಿದ್ದ ಮಂಜು ಕೆರೆದು ಫ್ಲಾಸ್ಕಿಗೆ ತುಂಬಿದ. ಗಡ್ಡೆ ಕಟ್ಟದಿರಲೆಂದು ಸುಮಾ ಅದಕ್ಕೆ ನೀರು ಬೆರೆಸಿ, ಶೀಷೆಗೆ ಬಟ್ಟೆ ಸುತ್ತಿ ಒಳಗಿಟ್ಟಳು. ಮೆಣಸಿನಕಾಯಿ ಘಾಟಿಗೆ ಸೀನುತ್ತಲೇ ಬಸ್ಸು ಹತ್ತಿದಳು. ಮತ್ತೆ ನೋಡಿಲ್ಲ. ಅವಳ ಓದು ಮುಗಿಯಿತೋ ಇಲ್ಲವೋ ಗೊತ್ತಿಲ್ಲ.

ದಾದಾಪೀರ ಮಗಳನ್ನು ಹುಬ್ಬಳ್ಳಿಗೆ ಕರೆದುಕೊಂಡು ಹೋದ. ಗುಳಿಗೆ ಶುರುವಾಯಿತು. ಫಿಟ್ಸ್ ಪೂರ್ತಿ ಹೋಗಲಿಲ್ಲ, ಬಹಳ ಕಡಿಮೆಯಾಯಿತು. ಅವಳು ಸಾಲಿಗೆ ಹೋದಳು.

ಯಾರಾದರೂ ಕಷ್ಟ ಹೇಳಿಕೊಂಡು "ಚಲೋ ಆಕ್ಕೈತೇನು?" ಎಂದು ಕೇಳಿದರೆ ನನ್ನ ಬಾಯಿಗೆ ಈಗಲೂ ಮೊದಲು ಬರುವುದು ಹೂಂ. ಅದನ್ನು ನುಂಗಿ, ಗೊತ್ತಿದ್ದಷ್ಟೇ ಹೇಳುತ್ತೇನೆ. ಓಣಿಯಲ್ಲಿ ನನ್ನನ್ನು ಒರಟು ಮುದುಕಿ ಅನ್ನುತ್ತಾರೆ. ಅನ್ನಲಿ.