ಆರ್‌ವಿಯ ಸೂರಿನ ಮೇಲೊಂದು ಹಲ್ಲು

ಆಗಿನ್ನೂ ಕ್ಯಾಮೆರಾಕ್ಕೆ ರೀಲು ಹಾಕುತ್ತಿದ್ದ ಕಾಲ. ಊರಿಗೆ ಫೋನು ಮಾಡಬೇಕೆಂದರೆ ನಮ್ಮ ದೇಶದವರ ಅಂಗಡಿಗಳಿದ್ದ ಜೆರಾರ್ಡ್ ಬೀದಿಗೆ ಹೋಗಿ ಫೋನ್ ಕಾರ್ಡು ತರಬೇಕಿತ್ತು. ನನ್ನ ಮಗಳು ಸುಧಾ ಕೆನಡಾ ಸೈನ್ಯದಲ್ಲಿ ನರ್ಸು, ಅಳಿಯ ರವಿ ಮಿಸಿಸಾಗಾದಲ್ಲಿ ಇಂಜಿನಿಯರು. ಮೊಮ್ಮಗಳು ಮೇಘಾಗೆ ಆರು ವರ್ಷ. ನಾನು ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವಳು, ಬರೆಯುವುದೂ ಮಾತಾಡಿದ ಹಾಗೇ. ನನ್ನ ಬಾಲ್ಯ ದನ ಕಾಯುವುದರಲ್ಲಿ ಕಳೆಯಿತು. ಮೊಮ್ಮಗಳ ಬಾಲ್ಯ ಮಾತ್ರ ನನಗೆ ಕಣ್ತುಂಬ ಸಿಕ್ಕಿತು. ಅದರಲ್ಲಿ ಒಂದು ವಾರದ ಕಥೆ ಇದು.

ಆ ಬೇಸಿಗೆ ರವಿ ಹಳೆಯ ಆರ್‌ವಿ ಒಂದನ್ನು ಕೊಂಡಿದ್ದರು. ಒಳಗೇ ಒಲೆ, ಮಂಚ, ಕಕ್ಕಸು ಎಲ್ಲ ಇರುವ ಮನೆಗಾಡಿ. ಅದರಲ್ಲಿ ಕ್ಲೈನ್‌ಬರ್ಗ್ ದಾಟಿ ಇನ್ನೂ ಉತ್ತರಕ್ಕೆ, ಸೈನ್ಯದವರ ಮನೆಮಂದಿಗೆಂದೇ ಇದ್ದ ಕ್ಯಾಂಪ್‌ಗ್ರೌಂಡಿಗೆ ಹೋದೆವು. ಸೈನ್ಯದ ಜಾಗ, ಬಂದೂಕು ಹಿಡಿದವರು ನಿಂತಿರುತ್ತಾರೆ ಎಂದುಕೊಂಡು ನಾನು ರೇಷ್ಮೆ ಸೀರೆಯುಟ್ಟು ಕೂತಿದ್ದೆ. ಗೇಟಿನಲ್ಲಿದ್ದವನು ಚಡ್ಡಿ ಹಾಕಿಕೊಂಡು ಐಸ್‌ಕ್ರೀಮು ತಿನ್ನುತ್ತಿದ್ದ. ಸುಧಾಳ ಕಾರ್ಡು ನೋಡಿ ಕೈಬೀಸಿ ಒಳಗೆ ಬಿಟ್ಟ.

ಒಳಗೆ ಎತ್ತರದ ಪೈನ್ ಮರಗಳು, ಪುಟ್ಟ ಕೆರೆ, ಹಗ್ಗದ ಮೇಲೆ ಒದ್ದೆ ಟವೆಲುಗಳು. ಮರದ ಅಂಟಿನ ವಾಸನೆಯ ಜೊತೆ ನನ್ನ ಒಗ್ಗರಣೆಯ ವಾಸನೆಯೂ ಸೇರಿತು. ಮಕ್ಕಳು ಬೆಳಗಿನಿಂದ ಸಂಜೆಯವರೆಗೂ ಸೈಕಲ್ಲು ತುಳಿಯುತ್ತಿದ್ದರು, ಕೆರೆಗೆ ಚಪ್ಪಟೆ ಕಲ್ಲು ಎಸೆದು ಎಷ್ಟು ಸಲ ಪುಟಿಯಿತೆಂದು ಕೂಗುತ್ತಿದ್ದರು. ಯಾರಿಗೂ ಏನೂ ಅವಸರವಿರಲಿಲ್ಲ. ಪಕ್ಕದ ಗಾಡಿಯ ವಾಲ್ಟರ್ ಎಂಬ ಮುದುಕ, ಸೈನ್ಯದ ಲಾರಿ ರಿಪೇರಿ ಮಾಡಿ ನಿವೃತ್ತನಾದವನು, ದಿನವಿಡೀ ಮಡಚುವ ಕುರ್ಚಿಯಲ್ಲಿ ಟೋಪಿ ಮುಖದ ಮೇಲೆಳೆದುಕೊಂಡು ಮಲಗಿರುತ್ತಿದ್ದ.

ಸುಧಾ ಟ್ರೈನಿಂಗಿನಲ್ಲಿದ್ದಳು. ಶನಿವಾರ ಬಂದು ನಮ್ಮ ಜೊತೆ ಎರಡು ದಿನ ಇರುವವಳು. ಅದಾದ ಮೇಲೆ ಆರು ತಿಂಗಳು ಹೊರದೇಶದಲ್ಲಿ ಡ್ಯೂಟಿ. ಮೇಘಾಳ ಕೆಳಗಿನ ಹಲ್ಲೊಂದು ಮೊದಲ ಸಲ ಅಲ್ಲಾಡುತ್ತಿತ್ತು. ಬುಧವಾರ ಕ್ಯಾಂಪಿನ ಆಫೀಸಿನ ಫೋನಿನಲ್ಲಿ ತಾಯಿ ಮಗಳಿಗೆ ಒಪ್ಪಂದವಾಯಿತು.

"ಅಮ್ಮಾ, ಐ ವೋಂಟ್ ಲೂಸ್ ಇಟ್. ಯು ಪುಲ್ ಇಟ್, ಓಕೆ?"

"ಆಯ್ತು ಕಣೇ ಬಂಗಾರಿ. ನಾನೇ ದಾರ ತರ್ತೀನಿ. ಅಲ್ಲೀವರ್ಗೂ ಜೋಪಾನ!"

ಅಂದಿನಿಂದ ಮಗು ಒಂದೇ ಕಡೆಯಲ್ಲಿ ಅಗಿಯುತ್ತಿತ್ತು. ಸೇಬು ಬೇಡ, ಜೋಳ ಬೇಡ. ಗುರುವಾರ ಮಧ್ಯಾಹ್ನ ರವಿ ಗ್ಯಾಸು ತರಲು ಹೋಗಿದ್ದರು. ನಾನು ಹೊರಗಿನ ಮೇಜಿನ ಮೇಲೆ ಚಪಾತಿ ಹಿಟ್ಟು ಕಲಸುತ್ತಿದ್ದೆ. ಈಜಿ ಹಸಿದು ಬಂದ ಮೇಘಾ ಡಬ್ಬದಿಂದ ನನ್ನ ಕೋಡುಬಳೆ ತೆಗೆದು ಕಚ್ಚಿದಳು. ಟಕ್ ಎಂದಿತು. ಅಂಗೈಯಲ್ಲಿ ಹಲ್ಲು.

ನನಗೆ ಎಷ್ಟು ಸಂತೋಷವಾಯಿತೆಂದರೆ ತಲೆ ಓಡಲೇ ಇಲ್ಲ. ನಮ್ಮ ಕಡೆ ಮೊದಲ ಹಲ್ಲು ಬಿದ್ದರೆ ಸಗಣಿ ಉಂಡೆಯೊಳಗಿಟ್ಟು ಸೂರಿನ ಮೇಲೆ ಎಸೆಯುತ್ತೇವೆ, ಹೊಸ ಹಲ್ಲು ಗಟ್ಟಿಯಾಗಿ ಬರಲಿ ಎಂದು. ಅಲ್ಲಿ ಸಗಣಿ ಎಲ್ಲಿಂದ ಬರಬೇಕು? ಚಪಾತಿ ಹಿಟ್ಟಿನಲ್ಲಿ ಹಲ್ಲನ್ನು ಒತ್ತಿ, ಮಗುವನ್ನು ಒಂದು ಸುತ್ತು ತಿರುಗಿಸಿ, ಉಂಡೆಯನ್ನು ಆರ್‌ವಿಯ ಮೇಲಕ್ಕೆ ಎಸೆದೇಬಿಟ್ಟೆ.

"ಅಜ್ಜೀ! ವೇರ್ ಡಿಡ್ ಇಟ್ ಗೋ?"

"ಸೂರಿನ ಮೇಲೆ ಕಣೇ. ಮುತ್ತಿನಂಥ ಹಲ್ಲು ಬರುತ್ತೆ ನೋಡ್ತಿರು."

ಮಗುವಿನ ಮುಖ ಕುಗ್ಗಿಹೋಯಿತು. ಯಾವಾಗಲೂ ಇಂಗ್ಲಿಷಿನಲ್ಲೇ ಉತ್ತರ ಕೊಡುವವಳು ಕನ್ನಡದಲ್ಲಿ ಕಿರುಚಿದಳು. "ಅಮ್ಮ ನೋಡ್ಬೇಕಿತ್ತು! ಅಮ್ಮ ನೋಡೇ ಇಲ್ಲ!"

ಆಗ ನನಗೆ ಗೊತ್ತಾಯಿತು ನಾನೇನು ಮಾಡಿದೆನೆಂದು. ಅಷ್ಟರಲ್ಲಿ ಕೆರೆ ಕಡೆಯಿಂದ ಬಿಳಿ ಹಕ್ಕಿಗಳು ಬಂದು ಸೂರಿನ ಮೇಲಿಳಿದವು. ಹಿಟ್ಟು ಕಂಡರೆ ಬಿಡುತ್ತವೆಯೇ? ನಾನು ಸೌಟು ಬಡಿದು "ಹುಶ್, ಹುಶ್, ಹಾಳಾದವೇ!" ಎಂದು ಕೂಗಾಡಿದೆ. ಮೇಘಾ ಓಡಿಹೋಗಿ ವಾಲ್ಟರನ ಟೋಪಿ ಎಳೆದು ಒಂದೇ ಉಸಿರಿಗೆ ಏನೇನೋ ಹೇಳಿದಳು. ಆತ ನಗಲಿಲ್ಲ, ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಏಣಿ ತಂದು ಒರಗಿಸಿ, ಮಂಡಿ ಹಿಡಿದುಕೊಂಡೇ ಹತ್ತಿದ.

ಇಳಿದಾಗ ಅವನ ಅಂಗೈಯಲ್ಲಿ ಅರ್ಧ ಕುಕ್ಕಿದ ಹಿಟ್ಟು. ಬೆರಳಿನಿಂದ ಮೆಲ್ಲನೆ ಬಿಡಿಸಿದ. ಹಲ್ಲು ಇತ್ತು. ನೀರಲ್ಲಿ ತೊಳೆದು, ಫೋಟೋ ರೀಲಿನ ಕಪ್ಪು ಡಬ್ಬಿಯಲ್ಲಿಟ್ಟು ಮುಚ್ಚಳ ಒತ್ತಿ, ಮೇಘಾಗೆ ಸಲ್ಯೂಟು ಹೊಡೆದು ಕೊಟ್ಟ. ನಾನು ಅವನಿಗೆ ನಾಲ್ಕು ಕೋಡುಬಳೆ ಕೊಟ್ಟೆ. ಒಂದನ್ನು ಬೆಳಕಿಗೆ ಹಿಡಿದು ನೋಡಿ, ತನ್ನ ಹಲ್ಲನ್ನು ಮುಟ್ಟಿಕೊಂಡ.

ಗ್ಯಾಸು ತಂದ ರವಿ ಇದನ್ನೆಲ್ಲ ಕೇಳಿ, "ಅತ್ತೆ, ಗಾಡಿ ಇನ್ಶೂರೆನ್ಸಲ್ಲಿ ಹಲ್ಲಿನ ಕಾಲಂ ಇಲ್ಲ" ಎಂದರು.

ಶನಿವಾರ ಸುಧಾ ಕಾರಿಳಿಯುತ್ತಲೇ ಅಂಗಿಯ ಜೇಬಿನಿಂದ ದಾರದ ಸುರುಳಿ ತೆಗೆದಳು. ಮೇಘಾ ಡಬ್ಬಿ ಚಾಚಿದಳು. ಸುಧಾ ಒಳಗೆ ನೋಡಿದಳು, ಮಗಳ ಬಾಯಿ ತೆರೆಸಿ ಆ ಸಂದಿ ನೋಡಿದಳು.

"ನೋವಾಯ್ತಾ?"

"ನೋಪ್. ಅಜ್ಜಿ ಥ್ರೂ ಇಟ್."

ಸುಧಾ ನನ್ನ ಕಡೆ ನೋಡಿದಳು. ಬೈಯಲಿಲ್ಲ. ದಾರವನ್ನೂ ಡಬ್ಬಿಯನ್ನೂ ಒಂದೇ ಜೇಬಿಗೆ ಹಾಕಿ ಗುಂಡಿ ಹಾಕಿಕೊಂಡಳು. ಡಬ್ಬಿ ಅವಳ ಜೊತೆಗೇ ಹೊರದೇಶಕ್ಕೆ ಹೋಯಿತು. ಅವಳು ತಿರುಗಿ ಬರುವಷ್ಟರಲ್ಲಿ ಹೊಸ ಹಲ್ಲು ಪೂರ್ತಿ ಬಂದಿತ್ತು. ಬಿದ್ದದ್ದನ್ನೂ ಅವಳು ನೋಡಲಿಲ್ಲ, ಬಂದದ್ದನ್ನೂ ನೋಡಲಿಲ್ಲ. ನಾನು ಎರಡನ್ನೂ ನೋಡಿದೆ.

ಆ ಆರ್‌ವಿ ಮಾರಿ ಎಷ್ಟೋ ವರ್ಷವಾಯಿತು. ವಾಲ್ಟರ್ ಇಲ್ಲ. ನಾವು ಎಲ್ಲರೂ ಒಂದೇ ಮೇಜಿನ ಸುತ್ತ ಎರಡು ದಿನ ಸುಮ್ಮನೆ ಕೂತದ್ದು ಅದೇ ಕೊನೆ. ಆದರೂ ಹೋದ ವಾರದಿಂದ ನನ್ನ ಕಾಲು ನೆಲದ ಮೇಲಿಲ್ಲ. ಮೇಘಾಳ ಮಗನ ಮೊದಲ ಹಲ್ಲು ಬಿತ್ತು! ಆ ಕ್ಷಣವೇ ಮೇಘಾ ನನಗೆ ಫೋನು ಮಾಡಿದಳು, ಸುಧಾ ಅವಳ ಪಕ್ಕದಲ್ಲೇ ಕೂತಿದ್ದಳು. ಈ ಸಲ ಬಿದ್ದದ್ದನ್ನು ಸುಧಾಳೇ ನೋಡಿದಳು.

"ಅಜ್ಜಿ, ಹಿಟ್ಟು ಕಲಸಿಟ್ಟಿದೀನಿ. ಎಲ್ಲಿಗೆ ಎಸೀಲಿ?"

ಅವಳಿರುವುದು ಪೋರ್ಟ್ ಕ್ರೆಡಿಟ್ಟಿನ ಕಟ್ಟಡವೊಂದರ ಹದಿನಾಲ್ಕನೇ ಮಹಡಿಯಲ್ಲಿ, ಅದರ ಮೇಲೆ ಇನ್ನೂ ಎಂಟು. ಅವಳ ತಲೆಯ ಮೇಲಿರುವುದು ಸೂರಲ್ಲ, ಇನ್ಯಾರದೋ ನೆಲ.