ಓನರಮ್ಮ ಭೋಗ್ಯಕ್ಕೆ ಬಂದದ್ದು

ಮೊನ್ನೆ ಸಂತೆಯಲ್ಲಿ ಕಿತ್ತಳೆ ಸುಲಿಯುವಾಗ ಸಿಪ್ಪೆಯ ರಸ ಚಿಮ್ಮಿ ಕಣ್ಣು ಉರಿಯಿತು. ಒರೆಸಿಕೊಂಡರೂ ನೀರು ನಿಲ್ಲಲಿಲ್ಲ. ಹಣ್ಣಿನವಳು, "ಸಿಪ್ಪೆ ಭಾರಿ ಖಾರ ಅಕ್ಕಾ" ಎಂದಳು. ಖಾರವೇ ಇರಬಹುದು. ಆದರೆ ಆ ವಾಸನೆ ಬಂದರೆ ನಮ್ಮ ಓನರಮ್ಮನ ಸೀರೆ ಮೂಗಿನ ಮುಂದೆ ಬಂದು ನಿಲ್ಲುತ್ತದೆ. ಒಣಗಿಸಿದ ಕಿತ್ತಳೆ ಸಿಪ್ಪೆಯನ್ನು ಅವರು ಬೀರುವಿನಲ್ಲಿ ಸೀರೆಗಳ ನಡುವೆ ಇಡುತ್ತಿದ್ದರು. ನುಸಿ ಗುಳಿಗೆ ಇಟ್ಟರೆ ಸೀರೆ ಉಟ್ಟವಳು ಆಸ್ಪತ್ರೆಯಿಂದ ಎದ್ದು ಬಂದಂತೆ ನಾರುತ್ತಾಳೆ ಎನ್ನುವುದು ಅವರ ವಾದ. ಅವರ ಜೊತೆ ವಾದಿಸಿ ಗೆದ್ದವರನ್ನು ನಾನು ಮೂಡಿಗೆರೆಯಲ್ಲಿ ಕಂಡಿಲ್ಲ.

ಓನರಮ್ಮ ಎಂದರೆ ನಾನು ಬಾಡಿಗೆಗಿರುವ ಮನೆಯ ಒಡತಿ. ಗಂಡ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಕಳಸದ ದಾರಿಯಲ್ಲಿ ಅವರ ಮನೆತನದ ಕಾಫಿ ತೋಟ, ಪೇಟೆಯಲ್ಲಿ ಸಾಲು ಮನೆಗಳು. ತಿಂಗಳಿಗೊಮ್ಮೆ ಜೀಪಿನಲ್ಲಿ ಬಂದು ಬಾಡಿಗೆ ಎಣಿಸಿಕೊಂಡು, ಪ್ರತಿ ಮನೆಯವರನ್ನೂ ಒಂದೊಂದು ಕಾರಣಕ್ಕೆ ಬೈದು ಹೋಗುತ್ತಿದ್ದರು. ನನಗೆ ಬೈಗುಳ ಸ್ವಲ್ಪ ಹೆಚ್ಚೇ ಸಿಗುತ್ತಿತ್ತು, ನಾನು ತಿರುಗಿ ಮಾತಾಡುತ್ತಿದ್ದೆನಲ್ಲ.

ನಾನು ಹುಟ್ಟಿದ್ದು ಒಂದು ಎಸ್ಟೇಟಿನ ಕ್ವಾರ್ಟರ್ಸಿನಲ್ಲಿ. ಅಪ್ಪ ಅಲ್ಲಿ ರೈಟರ್, ಆಳುಗಳ ಹಾಜರಿ, ಲೆಕ್ಕ ಬರೆಯುವ ಕೆಲಸ. ಅಪ್ಪ ತೀರಿಕೊಂಡ ಮೇಲೆ ಹೊಸ ರೈಟರ್ ಬಂದರು. ನಾವು ಬೀಗದ ಕೈ ಒಪ್ಪಿಸಿ ಹೊರಟೆವು. ಅಮ್ಮ ಒಲೆಯ ಬೂದಿಯನ್ನೂ ಬಳಿದು, ನೆಲ ಒರೆಸಿ ಬಂದಳು. ನಮ್ಮದಲ್ಲದ ಮನೆಯನ್ನು ಅಷ್ಟು ಚೊಕ್ಕ ಮಾಡಿದ್ದಕ್ಕೆ ನನಗೆ ಸಿಟ್ಟು ಬಂದಿತ್ತು. ಯಾರೂ ವಾಪಸ್ ಕೇಳಲಾಗದ ಒಂದು ಬೀಗದ ಕೈ ನನಗೆ ಬೇಕು ಎಂದು ಆವತ್ತೇ ಹಟ ಹಿಡಿದೆ.

ಬಸ್‌ಸ್ಟ್ಯಾಂಡಿನ ಎದುರು ಹೊಲಿಗೆ ಅಂಗಡಿ ಇಟ್ಟೆ. ಶಾಲೆಗಳ ಯೂನಿಫಾರ್ಮ್ ಹೊಲಿಯುವ ಕೆಲಸ ಹಿಡಿದೆ, ಚೀಟಿ ಹಾಕಿದೆ. ಅಣ್ಣ ಚಿಕ್ಕಮಗಳೂರು ಸೇರಿದ್ದ, ಅಮ್ಮನೂ ಹೋದ ಮೇಲೆ ಮನೆಯಲ್ಲಿ ಉಳಿದವಳು ನಾನೊಬ್ಬಳು. ಒಬ್ಬಳಿಗೆ ಇರಲು ಬಾಡಿಗೆ ಮನೆಯೇ ಸಾಕು, ಕೊಳ್ಳುವುದಾದರೆ ಬಾಡಿಗೆಗೆ ಕೊಡುವ ಕಟ್ಟಡವನ್ನೇ ಕೊಳ್ಳಬೇಕು, ಅದು ನನಗೆ ವಯಸ್ಸಾದ ಕಾಲಕ್ಕೆ ದುಡಿಯಲಿ ಎಂದುಕೊಂಡೆ. ಹೇಳಿದ್ದೇ ತಡ, ಎಲ್ಲರೂ ನಕ್ಕರು. "ಬಾಡಿಗೆ ಮನೇಲಿದ್ಕೊಂಡು ಬಾಡಿಗೆಗೆ ಕೊಡ್ತೀಯಾ?" ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ಗಾದೆ ಎಳೆದರು. ಎರಡೂ ಮಾಡದವಳು ಕಟ್ಟಿದ ಮನೆ ಕೊಂಡು ನೋಡಬಾರದು ಎಂದು ಯಾವ ಗಾದೆಯೂ ಹೇಳಿಲ್ಲವಲ್ಲ! ಅಣ್ಣ ಚಿಕ್ಕಮಗಳೂರಿನಿಂದ ಬಂದು, ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕು ಎಂದು ಬುದ್ಧಿ ಹೇಳಿದ. ಬಾಡಿಗೆ ವಸೂಲಿಗೆ ಬಂದಿದ್ದ ಓನರಮ್ಮ ಬಾಗಿಲಲ್ಲೇ ನಿಂತು ಕೇಳಿಸಿಕೊಂಡರು.

"ಹಾಸಿಗೆ ಹೊಲಿಯೋಳು ಅವಳೇ ಅಲ್ವೇನೋ? ಉದ್ದ ಹೊಲ್ಕೊಳ್ತಾಳೆ ಬಿಡು" ಎಂದರು.

ಅಣ್ಣ ಕಾಫಿ ಅರ್ಧಕ್ಕೇ ಬಿಟ್ಟು ಎದ್ದ.

ಅಲ್ಲಿಂದ ಓನರಮ್ಮ ಜಾಗ ನೋಡಲು ನನ್ನ ಜೊತೆ ಬರತೊಡಗಿದರು. ನಾನು ಕರೆದಿರಲಿಲ್ಲ. ಬ್ರೋಕರ್ ಒಬ್ಬ ಅತ್ತಿಗುಂಡಿಯ ಕಡೆ ಹೋಂಸ್ಟೇಗೆ ಹೇಳಿ ಮಾಡಿಸಿದಂಥ ಜಾಗ ಇದೆ ಎಂದು ಕರೆದೊಯ್ದ. ಬೇಸಿಗೆಯ ಬೆಳಗು. ಗುಡ್ಡದ ಮೇಲೆ ಗುಡ್ಡ, ನೀಲಿಯೋ ನೀಲಿ. ನನಗೆ ಮನಸ್ಸು ಹೋಗಿಬಿಟ್ಟಿತ್ತು, ಸುಳ್ಳೇಕೆ ಹೇಳಲಿ. ಬ್ರೋಕರ್ ಕೈ ಬೀಸಿ, "ದುಡ್ಡೆಲ್ಲ ಈ ವ್ಯೂಗೇ ಅಮ್ಮಾ" ಎಂದ.

"ಮಳೆ ಹಿಡಿದ್ರೆ ಕೈ ಮುಂದಿದ್ದದ್ದು ಕಾಣಲ್ಲ ಇಲ್ಲಿ. ಆಗ ನಿನ್ ವ್ಯೂ ಎಲ್ಲಿರ್ತದೆ ಮಾರಾಯ?" ಎಂದರು ಓನರಮ್ಮ.

ಇಳಿಯುವಾಗ ಜೀಪಿನಲ್ಲಿ ನನಗೆ ಪಾಠವಾಯಿತು. ಬೇಕೆಂದು ಬರುವವರನ್ನು ನಂಬಿ ಮನೆ ಕೊಳ್ಳಬೇಡ, ಬೇರೆ ದಾರಿಯಿಲ್ಲದೆ ಬರುವವರನ್ನು ನಂಬು. ವರ್ಗವಾಗಿ ಬರುವ ಮೇಷ್ಟ್ರು, ಆಸ್ಪತ್ರೆಯ ನರ್ಸು, ಬಸ್ಸಿನ ಕಂಡಕ್ಟರು. ಅವರಿಗೆ ಗುಡ್ಡ ಬೇಡ, ಬಸ್‌ಸ್ಟ್ಯಾಂಡು ಹತ್ತಿರ ಇದ್ದರೆ ಸಾಕು.

ಹಾಗೆ ಸಿಕ್ಕಿದ್ದು ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯ ಕಟ್ಟಡ. ಕೆಳಗೆ ಎರಡು ಮನೆ, ಮೇಲೆ ಒಂದು. ಕುದುರೆಮುಖದಲ್ಲಿ ಗಣಿ ನಿಂತಾಗ ಬಂದ ಪರಿಹಾರದ ದುಡ್ಡಿನಲ್ಲಿ ಅಲ್ಲಿಯ ನೌಕರರೊಬ್ಬರು ಕಟ್ಟಿಸಿದ್ದು. ಈಗ ಮಗಳ ಊರಿಗೆ ಹೊರಟಿದ್ದರು. ಬಾಗಿಲು ದಕ್ಷಿಣಕ್ಕೆ, ಕಿಟಕಿ ತೆರೆದರೆ ಗ್ಯಾರೇಜು. ನೋಡಿದವರೆಲ್ಲ ವಾಸ್ತು ಸರಿಯಿಲ್ಲವೆಂದು ಬಿಟ್ಟು ಹೋಗಿದ್ದರಂತೆ. ಓನರಮ್ಮ ಗೋಡೆ ತಟ್ಟಿ, ಬಾವಿಗೆ ಇಣುಕಿ, "ಯಮ ಬರೋನು ದಿಕ್ಕು ನೋಡ್ಕೊಂಡು ಬರಲ್ಲ, ತಗೋ" ಎಂದರು.

ತಗೋ ಎನ್ನಲು ದುಡ್ಡು ಬೇಕಲ್ಲ. ಬ್ಯಾಂಕಿಗೂ ಅವರೇ ಜೊತೆಗೆ ಬಂದರು. ಮ್ಯಾನೇಜರು ನನ್ನ ಕಾಗದಗಳನ್ನು ಮಗುಚಿ, ಯಜಮಾನರ ಸಹಿ ಬೇಕಾಗುತ್ತದೆ ಎಂದರು. ಯಜಮಾನರು ಇಲ್ಲ ಎಂದೆ. ಹಾಗಾದರೆ ಅಣ್ಣನನ್ನಾದರೂ ಕರೆತನ್ನಿ ಎಂದರು.

"ಸಾಲ ತೀರಿಸೋದು ಅಣ್ಣನಾ, ಹೊಲಿಗೆ ಮಿಷನ್ನಾ?" ಓನರಮ್ಮ ಕೇಳಿದ ದನಿಗೆ ಕ್ಯಾಶ್ ಕೌಂಟರಿನವರೂ ತಿರುಗಿದರು. ನನಗೆ ನಾಚಿಕೆಯೂ ಆಯಿತು, ಖುಷಿಯೂ ಆಯಿತು. ಶಾಲೆಗಳ ಬಿಲ್ಲು, ನಾನು ವರ್ಷ ವರ್ಷ ತುಂಬಿದ್ದ ಟ್ಯಾಕ್ಸ್ ರಿಟರ್ನ್ಸು ಎಲ್ಲ ಮುಂದಿಟ್ಟೆ. ಹಲವು ಸಲ ಅಲೆದ ಮೇಲೆ ಸಾಲ ಕೊಡಲು ಒಪ್ಪಿದರು, ಆದರೆ ಪೂರ್ತಿಗಲ್ಲ. ಉಳಿದದ್ದನ್ನು ನಾನು ಹೊಂದಿಸಬೇಕಿತ್ತು. ಚೀಟಿ ಎತ್ತಿ, ಅಮ್ಮನ ಬಳೆ ಮಾರಿದರೂ ದೊಡ್ಡ ಮೊತ್ತವೇ ಕಡಿಮೆ ಬಿತ್ತು. ಕೈಬಿಡುವುದೇ ಸರಿ ಎಂದು ಅಂಗಡಿಯಲ್ಲಿ ಮುಖ ಇಳಿಬಿಟ್ಟು ಕೂತಿದ್ದೆ.

ಓನರಮ್ಮ ಬಂದವರೇ, "ಮೇಲಿನ ಮನೆ ಭೋಗ್ಯಕ್ಕೆ ಹಾಕು" ಎಂದರು.

ಭೋಗ್ಯವೆಂದರೆ, ಮನೆಗೆ ಬರುವವರು ಒಂದೇ ಸಲ ದೊಡ್ಡ ಮೊತ್ತ ಕೊಡುತ್ತಾರೆ, ತಿಂಗಳ ಬಾಡಿಗೆ ಇರುವುದಿಲ್ಲ. ಮನೆ ಬಿಡುವ ದಿನ ಕೊಟ್ಟಿದ್ದಷ್ಟೂ ವಾಪಸ್ ಕೊಡಬೇಕು.

"ಮನೆ ಇನ್ನೂ ನಂದೇ ಆಗ್ಲಿಲ್ಲ. ಯಾರು ಬರ್ತಾರಮ್ಮಾ?"

"ನಾನು."

ತಮಾಷೆ ಎಂದುಕೊಂಡು ನಕ್ಕೆ. ಅವರು ನಗಲಿಲ್ಲ. "ಊರಿಗೆಲ್ಲ ಓನರಮ್ಮ ನಾನು. ನನ್ ಹೆಸರಲ್ಲಿ ಗೇಣು ಜಾಗ ಇಲ್ಲ ಮಾರಾಯ್ತಿ..." ಎಂದರು. ತೋಟ, ಪೇಟೆಯ ಸಾಲು ಮನೆ ಎಲ್ಲವೂ ಪಾಲಾಗದೆ ಮಾವನ ಹೆಸರಿನಲ್ಲೇ ಉಳಿದಿದ್ದವು. ಮೈದುನನ ಮಕ್ಕಳು ಅವರಿದ್ದ ಮನೆಯನ್ನು ಹೋಂಸ್ಟೇ ಮಾಡಲು ಹೊರಟಿದ್ದರು. ದೊಡ್ಡಮ್ಮ ಹಿಂದಿನ ಕೋಣೆಗೆ ಹೋಗಲಿ, ತನಗೇನೂ ಬೇಡವೆಂದು ಸಹಿ ಹಾಕಲಿ ಎಂದು ಕೂತಿದ್ದರು. ಓನರಮ್ಮನ ಕೈಯಲ್ಲಿದ್ದದ್ದು ವರ್ಷ ವರ್ಷ ಮೆಣಸು ಮಾರಿ ಉಳಿಸಿದ ದುಡ್ಡು ಮಾತ್ರ. ಗಂಡ ಇದ್ದಾಗಲೇ ಮೆಣಸಿನ ದುಡ್ಡು ಅವರದ್ದೆಂದು ಮನೆಯಲ್ಲಿ ನಡೆದು ಬಂದಿತ್ತು.

"ಸಹಿ ಹಾಕಲ್ಲ, ಹಿಂದಿನ ಕೋಣೆಗೂ ಹೋಗಲ್ಲ. ನಿನ್ನ ಮನೇಲಿ ದುಡ್ಡು ಕೊಟ್ಟು ಇರ್ತೀನಿ" ಎಂದರು.

ಬ್ಯಾಂಕಿಗೆ ಹೇಳಿಯೇ ಕಾಗದ ಮಾಡಿಸಿದೆವು. ಕಟ್ಟಡ ನನ್ನ ಹೆಸರಿಗಾಯಿತು. ಓನರಮ್ಮ ಬೀರು, ಮಂಚ, ಒಂದು ಮೂಟೆ ಪಾತ್ರೆ ಜೀಪಿಗೆ ಹೇರಿಕೊಂಡು ಹಾಡಹಗಲಲ್ಲೇ ಪೇಟೆಯ ನಡುವೆ ಬಂದಿಳಿದರು. ತೋಟದ ಮನೆಯ ಹೆಂಗಸು ಟೈಲರಮ್ಮನ ಮನೆಗೆ ಬಾಡಿಗೆಗೆ ಬಂದಳು ಎಂದು ಊರೆಲ್ಲ ಆಡಿಕೊಂಡಿತು. ನಾನೇ ಅವರ ತಲೆ ಕೆಡಿಸಿದೆ ಎಂದರು ಅವರ ಕಡೆಯವರು. ಅವರ ತಲೆ ಕೆಡಿಸುವ ಗಂಡೆದೆ ಯಾರಿಗಿತ್ತು!

ಬಾಡಿಗೆದಾರರಾಗಿ ಅವರು ನನಗೆ ಕೊಟ್ಟ ಕಾಟ ಅಷ್ಟಿಷ್ಟಲ್ಲ. ಗಿರಾಕಿಗಳು ತುಂಬಿದ ಹೊತ್ತು ನೋಡಿ ಅಂಗಡಿಯ ಮುಂದೆ ನಿಂತು ಕೂಗುತ್ತಿದ್ದರು. "ಓನರಮ್ಮಾ, ಬಚ್ಚಲ ಪೈಪು ಸೋರ್ತಿದೆ. ಬಂದು ನೋಡ್ತೀಯೋ, ಪಂಚಾಯ್ತಿಗೆ ಹೇಳ್ಲೋ?" ಆ ಬಿರುದನ್ನು ನನಗೆ ದಾಟಿಸಿದ್ದರಲ್ಲಿ ಅವರಿಗೆ ಏನೋ ಸುಖವಿತ್ತು.

ಇನ್ನೊಂದು ಕಾಟ ಪೋಸ್ಟಾಫೀಸಿನದು. ಕೆಳಗಿನ ಬಾಡಿಗೆ ಬ್ಯಾಂಕಿನ ಕಂತಿಗೆ ಹೋಗುತ್ತಿತ್ತು. ಹೊಲಿಗೆಯಲ್ಲಿ ಉಳಿದದ್ದನ್ನು ತಿಂಗಳು ತಿಂಗಳು ಆರ್‌ಡಿಗೆ ಕಟ್ಟಲೇಬೇಕು, ಅವರ ಭೋಗ್ಯದ ದುಡ್ಡು ಅಲ್ಲಿ ಮತ್ತೆ ಕೂಡಬೇಕು ಎಂದು ಹಟ ಹಿಡಿದರು. ಹೊಸ ಮಿಷನ್ ತೆಗೆದುಕೊಳ್ಳುತ್ತೇನೆ, ಈ ವರ್ಷ ಬಿಡಿ ಎಂದರೆ ಕೇಳಲಿಲ್ಲ.

"ನಾನು ಇವತ್ತು ಸತ್ರೆ ನಾಳೆ ಬಂದು ದುಡ್ಡು ಕೇಳ್ತಾರೆ ಮೈದುನನ ಮಕ್ಳು. ಇಲ್ಲ ಅಂದ್ರೆ ಮನೆ ಬರ್ಕೊಡು ಅಂತಾರೆ. ಕೊಡ್ತೀಯೇನೇ ಮನೆ?"

"ಕೊಡಲ್ಲ."

"ಹಂಗಾದ್ರೆ ಕಟ್ಟು."

ಬೈದುಕೊಂಡೇ ಕಟ್ಟಿದೆ. ಎಷ್ಟೋ ದೀಪಾವಳಿಗೆ ಊರವರ ಹೊಸ ಬಟ್ಟೆ ಹೊಲಿದು, ನಾನು ಹಳೆಯದನ್ನೇ ಉಟ್ಟೆ.

ಕಳೆದ ಕಾಫಿ ಕೊಯ್ಲಿನ ಹೊತ್ತಿಗೆ ಒಂದು ಬೆಳಿಗ್ಗೆ ಮೇಲಿನ ಬಾಗಿಲು ತೆರೆಯಲಿಲ್ಲ... ನಿದ್ದೆಯಲ್ಲೇ ಹೋಗಿದ್ದರು. ಮೈದುನನ ಮಕ್ಕಳು ಬಂದು ತೋಟಕ್ಕೆ ಒಯ್ದರು. ನಾನು ಜನರ ಹಿಂದೆ ನಿಂತಿದ್ದೆ. ನಾನು ಅವರಿಗೆ ಏನಾಗಬೇಕು ಎಂದು ಯಾರೋ ಕೇಳಿದರು.

ಹನ್ನೊಂದನೆಯ ದಿನ ಕಳೆಯುವ ಮೊದಲೇ ಮೈದುನನ ಹಿರಿಯ ಮಗ ಅಂಗಡಿಗೆ ಬಂದ. ಕುರ್ಚಿ ಎಳೆದು ಕೂತು ಮೆತ್ತಗೆ ಮಾತಾಡಿದ. "ಅಷ್ಟು ದುಡ್ಡು ಒಟ್ಟಿಗೆ ನೀವು ಎಲ್ಲಿಂದ ತರ್ತೀರಿ? ಬಿಲ್ಡಿಂಗು ನಮಗೇ ಬಿಟ್ಕೊಡಿ. ಬ್ಯಾಂಕ್ ಸಾಲ ನಾವು ನೋಡ್ಕೊಳ್ತೀವಿ, ನಿಮ್ಮ ಕೈಗೂ ಏನಾದ್ರೂ ಕೊಡ್ತೀವಿ."

"ವಾರಸುದಾರರು ಎಲ್ಲರೂ ಬನ್ನಿ. ಎಲ್ಲರ ಸಹಿ ತಗೊಂಡು ಕೊಡ್ತೀನಿ" ಎಂದೆ.

ಬಂದರು. ಪೋಸ್ಟಾಫೀಸಿನಲ್ಲಿ ಕೂಡಿದ್ದನ್ನು ಬಿಡಿಸಿ, ಭೋಗ್ಯದ ದುಡ್ಡು ಪೂರ್ತಿ ಡಿಡಿ ಮಾಡಿಸಿ ಮೇಜಿನ ಮೇಲಿಟ್ಟೆ. ಹಿರಿಯವನು ಅದನ್ನು ತಿರುಗಿಸಿ ತಿರುಗಿಸಿ ನೋಡಿದ. ಕೊಡಲಾರಳು ಎಂದೇ ನಂಬಿ ಬಂದವನ ಮುಖ ಆಗ ಹೇಗಿತ್ತೆಂದು ಹೇಳಿದರೆ ನನಗೆ ಪಾಪ ಬರುತ್ತದೆ. ಎದ್ದು ಹೋಗುವಾಗ, "ನಮ್ಮ ದೊಡ್ಡಮ್ಮ ನಿಮ್ಮನ್ನ ಹಾಳು ಮಾಡಿಟ್ಟು ಹೋದ್ರು" ಎಂದ.

"ಹೌದು. ಪೂರ್ತಿ ಹಾಳು ಮಾಡಿದ್ರು" ಎಂದೆ.

ಅವರು ಹೋದ ಮೇಲೆ ಅಂಗಡಿಯ ಶಟರ್ ಅರ್ಧ ಎಳೆದು ಅತ್ತೆ. ಗೆದ್ದದ್ದನ್ನು ಹೇಳಿಕೊಳ್ಳಬೇಕಾದವರೇ ಇರಲಿಲ್ಲ.

ಆ ಮೇಲಿನ ಮನೆಯನ್ನು ಇನ್ನೂ ಯಾರಿಗೂ ಕೊಟ್ಟಿಲ್ಲ. ನರ್ಸುಗಳು ಬಂದು ಕೇಳಿದರು, ಶಾಲೆಯ ಮೇಡಂ ಒಬ್ಬರು ಮುಂಗಡವನ್ನೇ ಹಿಡಿದು ಬಂದರು. ಆಮೇಲೆ ನೋಡೋಣ ಎಂದು ಕಳಿಸಿದೆ. ನಾನಿನ್ನೂ ಓನರಮ್ಮನ ಮನೆತನದ ಆ ಸಾಲು ಮನೆಯಲ್ಲೇ ಬಾಡಿಗೆ ಕಟ್ಟಿಕೊಂಡಿದ್ದೇನೆ, ಇಲ್ಲಿ ಸ್ವಂತ ಮನೆ ಬೀಗ ಹಾಕಿ ಬಿದ್ದಿದೆ. ಊರಿಗೆ ಮತ್ತೆ ನಗು. ಓನರಮ್ಮ ಇದ್ದಿದ್ದರೆ ನಡುರಸ್ತೆಯಲ್ಲಿ ನಿಲ್ಲಿಸಿ ಮಾನ ಕಳೆಯುತ್ತಿದ್ದರು, ಖಾಲಿ ಮನೆಗೆ ಯಾರು ಬಾಡಿಗೆ ಕೊಡ್ತಾರೆ ಮಾರಾಯ್ತಿ ಎಂದು. ಬೈಯಲಿ... ಎಲ್ಲಿಂದಾದರೂ ಬಂದು ಬೈಯಲಿ. ಇನ್ನೂ ಎಷ್ಟು ದಿನ ಅದನ್ನು ಖಾಲಿ ಬಿಡಬೇಕೆನ್ನುವುದು ನನಗೆ ಬಿಟ್ಟದ್ದು. ಆ ಮನೆಯ ಓನರ್ ನಾನು.