ಸಾಲು ನಿಲ್ಲಿಸಿದ ಗಿಟಾರು

ಶಿವಮೊಗ್ಗದ ದುರ್ಗಿಗುಡಿಯಲ್ಲಿ ಮೋಟಾರ್ ರಿವೈಂಡಿಂಗ್ ಅಂಗಡಿ ಇಟ್ಟಿರುವ ರುದ್ರೇಶನನ್ನು ಹುಡುಕಿಕೊಂಡು ಬರುವವರಲ್ಲಿ ಎರಡು ಬಗೆ. ಪಂಪ್‌ಸೆಟ್ ಸುಟ್ಟುಕೊಂಡವರು ಒಂದು, ಮನೆಯಲ್ಲಿ ಮದುವೆ ಇಟ್ಟುಕೊಂಡವರು ಇನ್ನೊಂದು. ಇಬ್ಬರ ಮುಖದಲ್ಲೂ ಒಂದೇ ಥರದ ಗಾಬರಿ ಇರುವುದರಿಂದ, "ಮೋಟಾರೋ ಮದುವೆಯೋ?" ಎಂದು ಕೇಳಿಕೊಂಡೇ ರುದ್ರೇಶ ಸ್ಟೂಲು ಮುಂದೆ ತಳ್ಳುತ್ತಾನೆ.

ಮದುವೆಯವರು ಬರುವುದು ಯಾಕೆಂದರೆ ಈತ 'ಕುಲುಮೆ ಮೆಲೋಡಿ ಮೇಕರ್ಸ್' ಎಂಬ ಬ್ಯಾಂಡಿನ ಗಿಟಾರಿನವನು. ಶಿವಮೊಗ್ಗ, ಭದ್ರಾವತಿ ಎರಡು ಕಡೆಯೂ ಆರತಕ್ಷತೆ ಎಂದರೆ ಕುಲುಮೆಯೇ ಬೇಕು. ಹಾಡು ಚೆನ್ನಾಗಿರುತ್ತದೆ ಅಂತಲ್ಲ, ಸುಳ್ಳು ಯಾಕೆ ಹೇಳಲಿ! ಸಾಲು ಓಡುತ್ತದೆ ಅಂತ. ಕೈಯಲ್ಲಿ ಉಡುಗೊರೆ ಹಿಡಿದು, ಮದುಮಕ್ಕಳ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳಲು ನೀವೂ ಕಾದಿರುತ್ತೀರಲ್ಲ, ಆ ಸಾಲು ನಡೆಯುವುದು ಹಾಡಿನ ಲಯಕ್ಕೆ. ಜನಕ್ಕೆ ಗೊತ್ತಿಲ್ಲ, ಅವರ ಕಾಲಿಗೆ ಗೊತ್ತು. ಹಾಡು ಜೋರಾದರೆ ಸಾಲೂ ಜೋರು, ಊಟದ ಪಂಕ್ತಿಯೂ ಜೋರು. ಅದಕ್ಕೇ ಹೆಣ್ಣಿನ ಅಪ್ಪ ವೇದಿಕೆಯ ಮೇಲಿಂದ ತೋರುಬೆರಳನ್ನು ಗಾಳಿಯಲ್ಲಿ ಗಿರ್ರನೆ ತಿರುಗಿಸುವುದು, ಕುಲುಮೆಯ ಡ್ರಮ್ಮಿನ ಮುರುಗೇಶಪ್ಪ ಕೂಡಲೇ ವೇಗ ಏರಿಸುವುದು. ಅಡುಗೆ ಕಂಟ್ರಾಕ್ಟರ್ ಪುಟ್ಟಯ್ಯನಂಥವರು ಮುರುಗೇಶಪ್ಪನಿಗೆ ಹೋಳಿಗೆಯನ್ನು ಬೇರೆಯೇ ಎತ್ತಿಡುತ್ತಿದ್ದರು.

ಆದರೆ ಕುಲುಮೆ ಹುಟ್ಟಿದ್ದು ಸಾಲು ಓಡಿಸುವುದಕ್ಕಲ್ಲ. ರುದ್ರೇಶ, ಮುರುಗೇಶಪ್ಪ ಇಬ್ಬರೂ ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ ಬೆಳೆದವರು. ಪಕ್ಕದ ಮನೆಯ ಕ್ರೇನ್ ಆಪರೇಟರ್ ಸೆಲ್ವರಾಜ್ ಮಾಮನ ಹತ್ತಿರ ಒಂದು ಗಿಟಾರು, ಒಂದು ಟೇಪ್ ರೆಕಾರ್ಡರು, ಒಂದು ರಾಶಿ ಕ್ಯಾಸೆಟ್ಟು. ಅದರಲ್ಲಿದ್ದದ್ದೆಲ್ಲ ಬ್ಲೂಸ್ ರಾಕ್. ನಿಧಾನಕ್ಕೆ, ಭಾರವಾಗಿ, ಗೊಣಗುತ್ತ ಗೊಣಗುತ್ತ ಒಮ್ಮೆಲೇ ಕೂಗಿಕೊಳ್ಳುವ ಗಿಟಾರು. ಹುಡುಗರಿಗೆ ಹುಚ್ಚು ಹತ್ತಿತು. 'ಕುಲುಮೆ' ಎಂದಷ್ಟೇ ಹೆಸರಿಟ್ಟುಕೊಂಡು, ಪಾಳಿ ಮುಗಿಸಿ ಬರುವ ಅಪ್ಪಂದಿರ ಮೇಲೆ 'ಮೂರನೇ ಪಾಳಿ' ಎಂಬ ಸ್ವಂತ ಹಾಡನ್ನೂ ಕಟ್ಟಿದರು.

ಮೊದಲ ಕಾರ್ಯಕ್ರಮ ಕ್ವಾರ್ಟರ್ಸಿನ ಮೈದಾನದಲ್ಲಿ. 'ಮೂರನೇ ಪಾಳಿ' ಅರ್ಧಕ್ಕೆ ಬರುವಷ್ಟರಲ್ಲಿ ಜನ ಎದ್ದು ಮಣ್ಣು ಕೊಡವಿಕೊಂಡು ಹೊರಟುಬಿಟ್ಟರು. ಹಾಲಮ್ಮ ಎನ್ನುವ ಅಜ್ಜಿಯೊಬ್ಬಳು ಮಾತ್ರ ಕೊನೆಯವರೆಗೂ ಕೂತಿದ್ದಳು. ಆಕೆ ಕೂತಿದ್ದ ಚಾಪೆ ಪಕ್ಕದ ಮನೆಯವರದು, ಅವರು ಬಂದು ಒಯ್ಯಲಿ ಅಂತ ಕಾದಿದ್ದಳಂತೆ! ಮುರುಗೇಶಪ್ಪ ಅವತ್ತು ಡ್ರಮ್ಮಿನ ಹಿಂದೆ ತಲೆ ತಗ್ಗಿಸಿ ಅತ್ತಿದ್ದನ್ನು ಕಂಡವನು ರುದ್ರೇಶ ಒಬ್ಬನೇ. ಆಮೇಲೆ ಆ ಹಾಡಿನ ಸುದ್ದಿ ಎತ್ತಿದವರಿಲ್ಲ. ಬ್ಯಾಂಡಿನ ಹೆಸರಿಗೆ 'ಮೆಲೋಡಿ ಮೇಕರ್ಸ್' ಸೇರಿತು. ಕೀಬೋರ್ಡಿಗೆ ವಿಮೆ ಏಜೆಂಟ್ ಪ್ರಸನ್ನಕುಮಾರ್ ಬಂದ, ಹಾಡುವುದಕ್ಕೆ ಗೋಪಾಳ ಬಡಾವಣೆಯ ಟೀಚರ್ ಹೇಮಶ್ರೀ ಬಂದಳು. ಮದುವೆಯ ಸೀಸನ್ನುಗಳು ಬಂದವು, ಹೋದವು.

ಹೀಗಿರುವಾಗ ಹೋದ ವರ್ಷ ಅಂಗಡಿಗೆ ಒಂದು ಹಳೇ ಆಂಪ್ಲಿಫೈಯರ್ ಬಂತು. ಹಳ್ಳಿಯ ಮೈಕ್‌ಸೆಟ್ಟಿನವರದು, ಒಳಗೆ ಗಾಜಿನ ವಾಲ್ವುಗಳು. ರಿಪೇರಿ ಮುಗಿಸಿದ ರುದ್ರೇಶ, ಸುಮ್ಮನಿರಲಾರದೆ ಗಿಟಾರನ್ನು ಅದಕ್ಕೆ ಸಿಕ್ಕಿಸಿ ಒಂದು ತಂತಿ ಮೀಟಿದ. ಅಬ್ಬಾ! ಅಂಗಡಿಯ ಷಟರು ನಡುಗಿತು. ಸೆಲ್ವರಾಜ್ ಮಾಮನ ವರಾಂಡದ ಅದೇ ಸದ್ದು. ರುದ್ರೇಶನಿಗೆ ಕಣ್ಣು ತುಂಬಿ ಬಂತು. ಇಷ್ಟು ವರ್ಷ ಏನು ಮಾಡ್ತಿದ್ದೆನಪ್ಪಾ ನಾನು ಎನಿಸಿತು. ಮೈಕ್‌ಸೆಟ್ಟಿನವರನ್ನು ಕಾಡಿ ಬೇಡಿ ಅದನ್ನು ತಾನೇ ಇಟ್ಟುಕೊಂಡ. ಒಂದು ಭಾನುವಾರ ಪ್ರಾಕ್ಟೀಸಿನಲ್ಲಿ ಹಳೇ ಧಾಟಿಯಲ್ಲೇ ಬಾರಿಸಿ, ಅದರ ವಿಡಿಯೋವನ್ನು "ಕುಲುಮೆ ಮತ್ತೆ ಹಳೇ ದಾರಿಗೆ" ಎಂದು ಬರೆದು ಫೋನಿನಿಂದ ಹರಿಯಬಿಟ್ಟ.

ಊರು ಎರಡು ಹೋಳಾಯಿತು. "ಈಗ ಸರಿಹೋಯ್ತು ನೋಡು, ಇದಪ್ಪಾ ಸಂಗೀತ" ಎಂದು ಭದ್ರಾವತಿಯ ನರೆಗೂದಲಿನವರು. "ಆ ಮಿಕ್ಸಿ ಯಾರಾದ್ರೂ ಆಫ್ ಮಾಡ್ರೋ" ಎಂದು ಶಿವಮೊಗ್ಗದ ಹುಡುಗರು. "ತ್ಯಾವರೆಕೊಪ್ಪದ ಸಫಾರಿ ಹುಲಿಗೆ ಹೊಟ್ಟೆನೋವು ಬಂದಂಗಿದೆ" ಎಂದು ಬರೆದವನಿಗಂತೂ ಮೆಚ್ಚುಗೆಯೋ ಮೆಚ್ಚುಗೆ. ದುರ್ಗಿಗುಡಿಯ ಟೀ ಅಂಗಡಿಯಲ್ಲಿ ಇದೇ ಜಗಳ. ಅಂಗಡಿಯ ಹಿಂದಿನ ಮನೆಗೆ ಬಂದರೆ ಹೆಂಡತಿ ಜಯಶೀಲಾ, "ರೀ, ನಿಮ್ಮ ಆ ಡಬ್ಬಿ ಶುರುವಾದ್ರೆ ಕುಕ್ಕರ್ ಎಷ್ಟು ಕೂಗ್ತು ಅಂತ ಲೆಕ್ಕ ಸಿಗಲ್ಲ" ಎಂದಳು.

ಬ್ಯಾಂಡಿನೊಳಗೂ ಬಿರುಕು. ಹೇಮಶ್ರೀಗೆ ಖುಷಿಯೋ ಖುಷಿ, "ಕಿರುಚೋದು ತಪ್ಪುತ್ತೆ ಸರ್, ದಿನವಿಡೀ ಕ್ಲಾಸಲ್ಲೇ ಕಿರುಚಿರ್ತೀನಿ" ಎಂದಳು. ಪ್ರಸನ್ನಕುಮಾರ್ ಮುಖ ಸಪ್ಪಗೆ ಮಾಡಿಕೊಂಡು, "ಇದ್ರಲ್ಲಿ ಕೀಬೋರ್ಡೇ ಇಲ್ವಲ್ಲ ಮಾರಾಯ, ನಾನೇನು ಪಕ್ಕದಲ್ಲಿ ನಿಂತು ಬೀಸಣಿಗೆ ಬೀಸ್ಲಾ?" ಎಂದು ಕೇಳಿದ. ರುದ್ರೇಶ ಅವನ ಜೇಬಿಗೆ ಒಂದು ಮೌತ್ ಆರ್ಗನ್ ತುರುಕಿದ. ಪಾಲಿಸಿ ಮಾಡಿಸುವವರ ಮನೆ ಜಗಲಿಯಲ್ಲಿ ಕಾಯುವಾಗಲೆಲ್ಲ ಪ್ರಸನ್ನ ಅದನ್ನು ಊದತೊಡಗಿದ. ಜನ ಬೇಗ ಬೇಗ ಸಹಿ ಹಾಕಿ ಕಳಿಸತೊಡಗಿದರು.

ಜಗ್ಗದವನು ಮುರುಗೇಶಪ್ಪ ಒಬ್ಬನೇ. ಅವನು ಅಂಗಡಿಗೇ ಬಂದು ಕಣ್ಣು ಕೆಂಪಗೆ ಮಾಡಿ ಹೇಳಿದ: "ನೋಡು ರುದ್ರಿ, ಎದ್ದು ಹೋಗೋ ಜನದ ಬೆನ್ನು ಒಂದ್ಸಲ ನೋಡಿದೀನಿ, ಸಾಕು. ಆ ಮೈದಾನದ ಹಾಡು ಇನ್ನೊಂದ್ಸಲ ವೇದಿಕೆ ಮೇಲೆ ಕೇಳಿಸ್ತೋ, ನಾನು ಬ್ಯಾಂಡಲ್ಲಿಲ್ಲ. ನಿನ್ನ ಅಂಗಡಿ ಮೆಟ್ಲೂ ಹತ್ತಲ್ಲ."

"ಮುರುಗಣ್ಣ, ನೀನಿಲ್ದೆ ನಾನು ಬಾರ್ಸಲ್ಲ" ಎಂದ ರುದ್ರೇಶ. ಆ ಮಾತು ನಿಜವೇ ಆಗಿತ್ತು. ಆಂಪ್ಲಿಫೈಯರಿನ ಮೇಲೆ ಒಂದು ಟವೆಲ್ ಹೊದಿಸಿ, ಮೂಲೆಗೆ ಸರಿಸಿದ. ಗೆಳೆಯನನ್ನು ಬಿಟ್ಟು ಹಾಡು ಬೇಡ, ಹಾಡು ಬಿಟ್ಟರೆ ಬೆರಳು ಕೇಳುವುದಿಲ್ಲ. ಊಟ ಸೇರದೆ ಮಂಕಾದ.

ಅಷ್ಟರಲ್ಲಿ ಮುರುಗೇಶಪ್ಪನ ಮಗಳು ಸ್ಪಂದನಾಗೆ ಮದುವೆ ಗೊತ್ತಾಯಿತು. ಭದ್ರಾವತಿಯ ಛತ್ರ, ಮುಹೂರ್ತದ ಹಿಂದಿನ ಸಂಜೆ ಆರತಕ್ಷತೆ. ಕುಲುಮೆಯದೇ ಸಂಗೀತ. ಆದರೆ ಮುರುಗೇಶಪ್ಪ ಹೆಣ್ಣಿನ ಅಪ್ಪ, ಡ್ರಮ್ಮಿಗೆ ಕೂರುವಂತಿಲ್ಲ. ತಾಳಕ್ಕೆ ಪ್ರಸನ್ನನ ಕೀಬೋರ್ಡಿನ ಯಂತ್ರವೇ ಗತಿ. ಆಮಂತ್ರಣ ಕೊಡಲು ಬಂದ ಸ್ಪಂದನಾ ಅಂಗಡಿಯಲ್ಲಿ ದನಿ ತಗ್ಗಿಸಿ ಕೇಳಿದಳು.

"ರುದ್ರೇಶ್ ಮಾಮ, 'ಮೂರನೇ ಪಾಳಿ' ಹಾಡ್ತೀರಲ್ವಾ?"

"ಏಯ್, ನಿಮ್ಮಪ್ಪ ನನ್ನ ಚರ್ಮ ಸುಲೀತಾನೆ ಕಣಮ್ಮ."

"ಅಪ್ಪ ದಿನಾ ಸ್ನಾನ ಮಾಡ್ವಾಗ ಅದನ್ನೇ ಗುನುಗೋದು ಮಾಮ. ಬಕೆಟ್ ಮೇಲೆ ತಾಳ ಬೇರೆ. ಹೊರಗಡೆ ಬಂದು ಕೇಳಿದ್ರೆ, ಯಾವ ಹಾಡೇ ಅಂತಾರೆ!"

ರುದ್ರೇಶ ಆಮಂತ್ರಣವನ್ನು ಜೇಬಿಗಿಟ್ಟುಕೊಂಡ. ಅವಳು ಹೋದ ಮೇಲೆ ಟವೆಲ್ ತೆಗೆದು ಆಂಪ್ಲಿಫೈಯರಿನ ದೂಳು ಒರೆಸಿದ. ನಿಮಗೆ ಅರ್ಥವಾಯಿತಲ್ಲ?

ಆರತಕ್ಷತೆಯ ಸಂಜೆ ಛತ್ರ ತುಂಬಿ ತುಳುಕುತ್ತಿತ್ತು. ವೇದಿಕೆಯ ಮೇಲೆ ಮದುಮಕ್ಕಳು, ಅವರ ಪಕ್ಕ ಪೇಟ ಸುತ್ತಿಕೊಂಡ ಮುರುಗೇಶಪ್ಪ, ಆ ಕಡೆ ಗಂಡಿನ ಅಪ್ಪ ರಾಮಚಂದ್ರಪ್ಪನವರು. ಬೀಗರು ಎಂದರೆ ಗೊತ್ತಲ್ಲ, ಅವರು ಸೀನಿದರೂ ಹೆಣ್ಣಿನ ಕಡೆಯವರು ಬಿಸಿನೀರು ಹಿಡಿದು ಓಡಬೇಕು. ಕೆಳಗೆ ಒಂದು ಮಗ್ಗುಲಿಗೆ ಕುಲುಮೆ. ಅವರ ಹಿಂದೆ ಖಾಲಿ ಡ್ರಮ್ಮು, ಶೋಭೆಗೆ. ಕುಣಿಸುವ ಹಾಡುಗಳಿಗೆ ಸಾಲು ಚಕಚಕ ನಡೆಯುತ್ತಿತ್ತು. ಸ್ಪಂದನಾ ಹಾರದ ಮರೆಯಿಂದ ಹುಬ್ಬು ಹಾರಿಸಿದಳು. ಪ್ರಸನ್ನ ತಾಳದ ಯಂತ್ರ ನಿಲ್ಲಿಸಿ ಜೇಬಿಗೆ ಕೈಹಾಕಿದ. ರುದ್ರೇಶ ದೇವರಿಗೊಂದು ಕೈಮುಗಿದು, ತಂತಿ ಎಳೆದ.

ಆ ತಂತಿ ಗೊಣಗಿದ್ದೇ ತಡ, ಸಾಲು ನಿಂತಿತು!

ಇಷ್ಟು ವರ್ಷ ಜನರನ್ನು ಹಾಡಿನಿಂದಲೇ ನಡೆಸಿದವನಿಗೆ, ನಿಧಾನದ ಹಾಡಿಗೆ ಅವರು ನಿಲ್ಲುತ್ತಾರೆ ಎಂಬುದೇ ಹೊಳೆದಿರಲಿಲ್ಲ. ಮೆಟ್ಟಿಲ ಮೇಲೆ ಒಂದು ಕಾಲು ಇಟ್ಟವರು ಹಾಗೇ ನಿಂತರು. ಉಡುಗೊರೆ ಕೊಡುತ್ತಿದ್ದ ಅಜ್ಜ ಕೈ ಚಾಚಿಕೊಂಡೇ ತಲೆದೂಗತೊಡಗಿದ. ಹೇಮಶ್ರೀ ತಗ್ಗಿದ ದನಿಯಲ್ಲಿ ಪಾಳಿ ಮುಗಿಸಿ ಬರುವ ಅಪ್ಪನನ್ನು ಹಾಡಿದರೆ, ಕ್ವಾರ್ಟರ್ಸಿನ ಹಳಬರು ಕುರ್ಚಿ ಎಳೆದುಕೊಂಡು ಮುಂದೆ ಬಂದರು. ಗಂಡಿನ ಕಡೆಯ ಹುಡುಗರು, "ಡ್ಯಾನ್ಸ್ ಸಾಂಗ್ ಹಾಕ್ರೀ!" ಎಂದು ಶಿಳ್ಳೆ ಹೊಡೆದರು. ಪುಟ್ಟಯ್ಯ ಸೌಟು ಹಿಡಿದುಕೊಂಡೇ ಓಡಿ ಬಂದು, "ಎಲೆ ಹಾಕಿ ಕಾಯ್ತಾ ಕೂತಿದೀವಿ ಸ್ವಾಮಿ, ಒಬ್ಬ ನರಮನುಷ್ಯನೂ ಒಳಗೆ ಬರ್ತಿಲ್ಲ. ತುಪ್ಪ ಗಟ್ಟಿಯಾಗ್ತಿದೆ!" ಎಂದು ಬಾಯಿ ಬಡಿದುಕೊಂಡ. ವೇದಿಕೆಯ ಮೇಲೆ ರಾಮಚಂದ್ರಪ್ಪನವರು ಮುಖ ಗಂಟಿಕ್ಕಿ ತೋರುಬೆರಳನ್ನು ಗಾಳಿಯಲ್ಲಿ ತಿರುಗಿಸಿದರು. ಒಮ್ಮೆ, ಮತ್ತೊಮ್ಮೆ. ವೇಗ ಏರಿಸಬೇಕಾದ ಡ್ರಮ್ಮು ಖಾಲಿ.

ಮುರುಗೇಶಪ್ಪ ವೇದಿಕೆಯಿಂದ ಇಳಿದ. ಪಂಚೆ ಎತ್ತಿ ಕಟ್ಟಿ, ಜನರನ್ನು ತಳ್ಳಿಕೊಂಡು ನೇರ ಬ್ಯಾಂಡಿನ ಕಡೆಗೆ ಬಂದ. ಮುಗಿಯಿತು, ಇವತ್ತಿಗೆ ಗೆಳೆತನವೂ ಮುಗಿಯಿತು ಎಂದುಕೊಂಡ ರುದ್ರೇಶ. ಆದರೂ ಕೈ ನಿಲ್ಲಿಸಲಿಲ್ಲ, ನಿಲ್ಲಿಸಿದ್ದರೆ ಅಲ್ಲೇ ಅತ್ತುಬಿಡುತ್ತಿದ್ದ.

ಮುರುಗೇಶಪ್ಪ ಅವನನ್ನು ದಾಟಿ ಹೋದ. ಪೇಟ ಸಮೇತ ಡ್ರಮ್ಮಿನ ಹಿಂದೆ ಕೂತ. ಒಂದು ಗಳಿಗೆ ಕೇಳಿಸಿಕೊಂಡು, ಎರಡೂ ಕೋಲು ಎತ್ತಿ ಹೊಡೆದ ನೋಡಿ, ಅದೇ ಬ್ಲೂಸು, ಅದೇ ಹಾಡು, ಆದರೆ ತರೀಕೆರೆ ಕಡೆಯಿಂದ ರೈಲು ಬಂದ ಹಾಗೆ! ಹೇಮಶ್ರೀಯ ದನಿ ಮೇಲೇರಿತು. ಪ್ರಸನ್ನನ ಮೌತ್ ಆರ್ಗನ್ ಇಂಜಿನ್ನಿನ ಥರ ಕೂಗಿತು. ಮೆಟ್ಟಿಲ ಮೇಲಿನ ಕಾಲುಗಳು ಎಚ್ಚೆತ್ತವು, ಸಾಲು ದಡದಡ ಓಡಿತು. ಪುಟ್ಟಯ್ಯನೂ ಸೌಟು ಎತ್ತಿಕೊಂಡು ಒಳಗೆ ಓಡಿದ.

ಎಲ್ಲರಿಗೂ ಹಿಡಿಸಿತು ಎಂದು ನಾನು ಹೇಳುವುದಿಲ್ಲ. ಅರ್ಧ ಜನ ಕಿವಿ ಮುಚ್ಚಿಕೊಂಡೇ ಊಟಕ್ಕೆ ಹೋದರು. ರಾಮಚಂದ್ರಪ್ಪನವರು, "ಹೆಣ್ಣಿನ ಅಪ್ಪ ಡೋಲು ಬಡಿಯೋದು ಎಲ್ಲಾದ್ರೂ ಉಂಟಾ?" ಎಂದು ಬುಸುಗುಟ್ಟಿದರು. ಅವರ ಹೆಂಡತಿ ಪ್ರೇಮಮ್ಮ ಮಾತ್ರ ವೇದಿಕೆಯ ತುದಿಗೆ ಬಂದು, ಸೆರಗಿನ ಮರೆಯಲ್ಲಿ ಕೈತಾಳ ಹಾಕುತ್ತಿದ್ದರು. ಮುಂದಿನ ಸಾಲಿನ ಕುರ್ಚಿಗಳಿಂದ ಒಬ್ಬರೂ ಏಳಲಿಲ್ಲ.

ಹಾಡು ಮುಗಿಯಿತು. ಮುರುಗೇಶಪ್ಪ ಶಲ್ಯದಿಂದ ಬೆವರು ಒರೆಸಿಕೊಂಡು ಬಂದು ರುದ್ರೇಶನ ಎದುರು ನಿಂತ. ಪೇಟ ಒಂದು ಕಿವಿಯ ಮೇಲೆ ಜಾರಿತ್ತು.

"ನಾನು ಏನು ಹೇಳಿದ್ದೆ?"

"ಬ್ಯಾಂಡಲ್ಲಿರಲ್ಲ ಅಂದಿದ್ದೆ, ಮುರುಗಣ್ಣ." ರುದ್ರೇಶನ ದನಿ ಸಣ್ಣಗಾಗಿತ್ತು.

"ಇಲ್ಲಿ ಬಂದಿದ್ದು ಸಾಲು ಓಡ್ಸೋಕೆ, ತಿಳ್ಕೋ" ಎಂದು ಮುರುಗೇಶಪ್ಪ ಮತ್ತೆ ವೇದಿಕೆಯ ಕಡೆ ತಿರುಗಿದ. ಬೀಗರು ಕಾಯುತ್ತಿದ್ದರು. ಒಂದು ಹೆಜ್ಜೆ ಹೋದವನು ನಿಂತ. ರೇಗುತ್ತಲೇ ಹೇಳಿದ: "ಅಲ್ವೋ ರುದ್ರಿ, ಎರಡನೇ ನುಡಿ ಆದ್ಮೇಲೆ ಗಿಟಾರು ಒಂದು ಏಟು ಬಿಟ್ಟು ಬರ್ಬೇಕು. ಅವತ್ತು ಮೈದಾನದಲ್ಲೂ ಬೇಗ ಬಂದೆ, ಇವತ್ತೂ ಬೇಗ ಬಂದೆ. ಜನ ಎದ್ದು ಹೋಗಿದ್ದು ಅದಕ್ಕೇ ಕಣೋ! ನಾಳೆ ಮುಹೂರ್ತ, ಆಗಲ್ಲ. ನಾಡಿದ್ದು ಅಂಗಡಿಗೆ ಬರ್ತೀನಿ, ಅದೊಂದು ಜಾಗ ತಿದ್ದೋಣ."